ಕಿವಿಯ ಹಿಂದಿನ ಟಿಕ್ ಟಿಕ್

ಆರಿನ್ ಟ್ಯಾಕೆಟ್ ಬೆಳಗ್ಗೆ ಘಾಟು ವಾಸನೆಯ ಸೇಜ್ ಪೊದೆಯ ಒಂದು ಕಡ್ಡಿ ಮುರಿದು ಟೋಪಿಯ ಪಟ್ಟಿಗೆ ಸಿಕ್ಕಿಸಿಕೊಂಡ. ನೊರಜು ಮುತ್ತದಿರಲೆಂದು ನೆವಾಡಾದ ಆ ಕಣಿವೆಯವರೆಲ್ಲ ಮಾಡುವುದೇ ಹಾಗೆ. ಆಮೇಲೆ ಗಾಜಿನ ಸೀಸೆ ಹಿಡಿದು ಪೊದೆಗಳ ಕಾಡಿಗೆ ಇಳಿದ.

ನಾಳೆ ವಿಮಾನ ಬಂದು ನೊರಜು ಸಾಯಿಸಲು ಅಲ್ಲೆಲ್ಲ ವಿಷ ಸುರಿಯುವುದಿತ್ತು. ಅಂಚಿನಲ್ಲೇ ಅವನ ನಲವತ್ತು ಜೇನುಪೆಟ್ಟಿಗೆಗಳಿದ್ದವು. ಮೂವತ್ತು ವರ್ಷದಿಂದ ಯಾರೂ ಕಾಣದ ಸೇಜ್ ಮಿಡತೆಯೊಂದನ್ನು ಸಂಜೆ ಐದರ ಊರ ಸಭೆಗೆ ಜೀವಂತ ತಂದು ತೋರಿಸಿದರೆ ವಿಮಾನ ನಿಲ್ಲಿಸುವುದಾಗಿ ಕಾಲೇಜಿನ ಕೀಟಶಾಸ್ತ್ರದ ಮೇಡಂ ಮಾತು ಕೊಟ್ಟಿದ್ದರು.

ಮಧ್ಯಾಹ್ನವಾದರೂ ಸೀಸೆ ಖಾಲಿ. ಸುಸ್ತಾಗಿ ಕೂತಾಗ ಕಿವಿಯ ಹಿಂದೆಯೇ ಸದ್ದು: ಟಿಕ್, ಟಿಕ್. ತಿರುಗಿದ. ನಿಂತಿತು. ಸುಮ್ಮನೆ ಕೂತ. ಮತ್ತೆ ಟಿಕ್, ಟಿಕ್. ಸುತ್ತ ಮೈಲಿಗಟ್ಟಲೆ ನರಪಿಳ್ಳೆಯೂ ಇರಲಿಲ್ಲ. ಸೀಸೆ ಎತ್ತಿಕೊಂಡು ಪಿಕಪ್ಪಿನತ್ತ ಓಡಿದ.

ಸದ್ದು ಅವನ ಜೊತೆ ಪಿಕಪ್ ಹತ್ತಿತು, ಅಂಚೆ ಕಚೇರಿಗೂ ಬಂತು. ಅಂಚೆಯ ವರ್ಲ್ ಗಣಿಯಲ್ಲಿ ಮದ್ದು ಸಿಡಿಸಿ ಅರ್ಧ ಕಿವುಡಾದವನು.

"ನಂಗೇನೂ ಕೇಳ್ತಿಲ್ಲ ಕಣಯ್ಯ. ನಿಮ್ಮಪ್ಪನ್ನ ಹೂಳುವಾಗ ಜೇಬಿಂದ ಗಡಿಯಾರ ತೆಗೆದ್ರಾ?"

"ಇಲ್ಲ."

"ಹಾಗಾದ್ರೆ ಅದೇ," ಎಂದು ವರ್ಲ್ ನಿರಾಳವಾಗಿ ಸ್ಟಾಂಪಿಗೆ ನೀರು ಹಚ್ಚಿದ.

ಆರಿನ್ ನೇರ ಪಕ್ಕದ ಮನೆಯ ಗ್ರಾಸಿಯಾನಾ ಅಜ್ಜಿಯ ಅಡಿಗೆಮನೆಗೆ ಓಡಿದ. ಸ್ಪೇನ್ ಕಡೆಯಿಂದ ಬಂದ ಬಾಸ್ಕ್ ಕುರಿಗಾರರ ಮನೆತನದ ಆಕೆ ಭೂತ ಬಿಡಿಸುವುದರಲ್ಲಿ ಎತ್ತಿದ ಕೈ. ವರ್ಲ್ ಹೇಳಿದ್ದನ್ನೆಲ್ಲ ಕೇಳಿಕೊಂಡು, ಅವನನ್ನು ಕೂರಿಸಿ ಕಿವಿಗೊಟ್ಟಳು. ಟಿಕ್, ಟಿಕ್. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಹೌದು ಮಗಾ, ಅಪ್ಪನೇ. ಅಲ್ಲಾಡ್ಬೇಡ. ಇದಕ್ಕೆ ಸೇಜ್ ಹೊಗೇನೇ ಆಗ್ಬೇಕು."

ಟೋಪಿಯ ಕಡ್ಡಿಯನ್ನು ಸರಕ್ಕನೆ ಕಿತ್ತು ಒಲೆಗೆ ಹಾಕಿದಳು. ಒಳಗೆ ಸಾಸಿವೆ ಸಿಡಿದಂತೆ ಏನೋ ಚಟ್ ಎಂದಿತು. ಸದ್ದು ನಿಂತಿತು. ಆರಿನ್ ಅಜ್ಜಿಯ ಕೈಗೆ ಮುತ್ತಿಟ್ಟ.

ಐದಕ್ಕೆ ಸಭೆ. ಟೋಪಿ ತೊಡೆಯ ಮೇಲಿಟ್ಟು, ಖಾಲಿ ಸೀಸೆ ಹಿಡಿದು ಆರಿನ್ ಅಜ್ಜಿಯ ಪಕ್ಕ ಕೂತ. ಮೇಡಂ ಊರವರಿಗೆ ಹೇಳುತ್ತಿದ್ದರು: "ಆ ಮಿಡತೆ ಬಣ್ಣ ಥೇಟ್ ಸೇಜ್ ಎಲೆ. ಕಡ್ಡಿ ಅಲ್ಲಾಡಿದ್ರೆ ಸುಮ್ನಾಗುತ್ತೆ. ನಿಂತ್ರೆ ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುತ್ತೆ. ಯಾರಾದ್ರೂ ಕೇಳಿದ್ದೀರಾ?"

ಆರಿನ್ ಟೋಪಿಯ ಖಾಲಿ ಪಟ್ಟಿಯನ್ನು ಮುಟ್ಟಿ ನೋಡಿಕೊಂಡ. ಬದುಕಿದ್ದ ಒಂದೇ ಸಾಕ್ಷಿಯನ್ನು ಅವನೇ ಕೂತು ಸುಡಿಸಿದ್ದ.

ವಿಷಕ್ಕೆ ಒಪ್ಪಿ ಒಂದೊಂದಾಗಿ ಕೈಗಳು ಮೇಲೆದ್ದವು.

"ಸದ್ದು ಹೋಯ್ತಲ್ಲ, ಮಗಾ?" ಅಜ್ಜಿ ಹೆಮ್ಮೆಯಿಂದ ಪಿಸುಗುಟ್ಟಿದಳು.

ಆಗ ಅವನ ಕಿವಿಯ ಹಿಂದೆಯೇ ಕೇಳಿಸಿತು: ಟಿಕ್, ಟಿಕ್. ಇನ್ನೊಂದು ಮಿಡತೆಯಿರಬೇಕೆಂದು ಜೀವ ಬಂದಂತಾಗಿ ಎದ್ದು ಟೋಪಿ ಕೊಡವಿದ, ಕೂದಲು ಕೆದರಿದ, ಅಂಗಿ ಬಿಚ್ಚಿ ಝಾಡಿಸಿದ. ಏನೂ ಬೀಳಲಿಲ್ಲ.

"ಕೇಳ್ತಿದೆಯಲ್ಲಾ ಅಜ್ಜಿ?"

ಅಜ್ಜಿ ಕಿವಿಗೊಟ್ಟಳು. ಇಲ್ಲವೆಂದು ತಲೆಯಾಡಿಸಿ ಮೆಲ್ಲಗೆ ಕುರ್ಚಿಯನ್ನು ಅತ್ತ ಸರಿಸಿಕೊಂಡಳು.