ಕಸವಿಲ್ಲದ ಓಣಿಯಿಂದ ಕಸದ ಲಾರಿಯವರಿಗೆ

ಮಾನ್ಯ ಕಸದ ಲಾರಿಯವರೇ,

ನಮ್ಮ ಓಣಿಯ ಹದಿನೇಳು ಮನೆಗಳ ಪರವಾಗಿ ತಮ್ಮ ಆರೂ ಚಕ್ರಗಳಿಗೆ ಬೇರೆಬೇರೆಯಾಗಿ ನಮಸ್ಕಾರಗಳು. ತಮಗೆ ಎಣ್ಣೆ, ನೀರು, ಗಾಳಿ ಹೊತ್ತುಹೊತ್ತಿಗೆ ಸಿಗುತ್ತಿದೆ ಎಂದು ನಂಬಿದ್ದೇನೆ. ನ್ಯಾಯವಾಗಿ ಈ ಪತ್ರವನ್ನು ನಾನು ತಮ್ಮ ಇಲಾಖೆಯ ಸಾಹೇಬರಿಗೆ ಬರೆಯಬೇಕಿತ್ತು. ಆದರೆ ಮೂರು ಸಲ ಅವರ ಕಚೇರಿಯ ಮೆಟ್ಟಿಲು ಹತ್ತಿದಾಗಲೂ ಅವರು, "ನಮ್ ಕೈಲಿ ಏನೂ ಇಲ್ಲ ಸ್ವಾಮಿ, ಈಗ ಎಲ್ಲಾ ಆಧುನಿಕ, ಡ್ರೈವರೂ ಇಲ್ಲ. ಗಾಡಿ ಏನು ಬರ್ಕೊಳ್ಳುತ್ತೋ ಅದೇ ಫೈನಲ್ಲು" ಎಂದು ಕೈಚೆಲ್ಲಿದ್ದರಿಂದ, ದೇಶದ ಕಸದ ಬಗ್ಗೆ ಕೊನೆಯ ಮಾತು ತಮ್ಮದೇ ಎಂದು ತಿಳಿದು ನೇರವಾಗಿ ತಮ್ಮ ಮುಂದೆಯೇ ನಿಂತಿದ್ದೇನೆ.

ಓಣಿಯ ಬಾಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು ನಾನು. ಆದ್ದರಿಂದ ತಮ್ಮ ಸಮಯಪಾಲನೆಯನ್ನು ನನ್ನಷ್ಟು ಮೆಚ್ಚಿದವರು ಇನ್ನೊಬ್ಬರಿರಲಾರರು. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬರುತ್ತೀರಿ, ಮೂರು ನಿಮಿಷ ಹತ್ತು ಸೆಕೆಂಡು ನಿಲ್ಲುತ್ತೀರಿ, ಹೊರಡುತ್ತೀರಿ. ಪ್ರತಿ ಮನೆಯ ಬಾಗಿಲಿಗೂ ಅಂಟಿಸಿರುವ ವಿಳಾಸದ ಚೀಟಿಯನ್ನು ತಮ್ಮ ಕ್ಯಾಮೆರಾ ಕಣ್ಣು ನೋಡಿದ ಮೇಲಷ್ಟೇ ತಾವು ಆ ಮನೆಯ ಕಸ ಸ್ವೀಕರಿಸುವುದೆಂಬ ನಿಯಮವೂ ಬಹಳ ಚೆನ್ನಾಗಿದೆ. ತೊಡಕು ಒಂದೇ: ನಮ್ಮ ಓಣಿ ಆರಡಿ ಅಗಲ, ತಾವು ಎಂಟಡಿ. ತಾವು ಒಳಗೆ ಬರಲಾರಿರಿ, ನಮ್ಮ ಬಾಗಿಲುಗಳು ಹೊರಗೆ ಬರಲಾರವು.

ಬರಲಾರವು ಎಂದೆನೇ? ಕ್ಷಮಿಸಿ, ಒಂದು ಬಾಗಿಲು ಬಂತು. ಮೊದಲ ವಾರ ನಾವೆಲ್ಲ ಬಕೆಟ್ಟು ಹಿಡಿದು ಓಡೋಡಿ ಬಂದಾಗ ತಾವು ಆ ಇಂಪಾದ ಹೆಣ್ಣುದನಿಯಲ್ಲಿ "ವಿಳಾಸವಿಲ್ಲದ ಕಸ, ಸ್ವೀಕರಿಸಲಾಗದು" ಎಂದಿರಷ್ಟೆ? ನಮ್ಮ ಓಣಿಯ ಬಡಗಿ ಸ್ವಲ್ಪ ಮುಂಗೋಪಿ. "ಬಾಗಿಲೇ ಬೇಕಾ ನಿಂಗೆ? ತಗೋ" ಎಂದವನೇ ಮರುದಿನ ಸ್ಕ್ರೂ ಬಿಚ್ಚಿ ತನ್ನ ಮನೆಯ ಬಾಗಿಲನ್ನೇ ಬೆನ್ನ ಮೇಲೆ ಹೊತ್ತು ತಮ್ಮ ಮುಂದೆ ತಂದು ನಿಲ್ಲಿಸಿದ. ತಾವು ಚೀಟಿ ನೋಡಿದಿರಿ, ಕಸ ತೆಗೆದುಕೊಂಡಿರಿ, ಧನ್ಯವಾದವನ್ನೂ ಹೇಳಿದಿರಿ. ಜೊತೆಗೆ ಅವನ ಮನೆ ಈಗ ದೊಡ್ಡ ರಸ್ತೆಯ ನಟ್ಟನಡುವೆ ಇದೆ ಎಂದೂ ಬರೆದುಕೊಂಡಿರಿ. ವಾಹನ ಸಂಚಾರಕ್ಕೆ ಅಡ್ಡಿಯಾಗಿರುವ ಸದರಿ ಮನೆಯನ್ನು ಹದಿನೈದು ದಿನಗಳೊಳಗೆ ತೆರವುಗೊಳಿಸತಕ್ಕದ್ದು ಎಂಬ ನೋಟೀಸು ಅವನಿಗೆ ಬಂದಿದೆ. ಅದನ್ನವನು ಬಾಗಿಲಿಗೇ ಅಂಟಿಸಿಕೊಂಡು, ಬಾಗಿಲನ್ನು ಮನೆಗೆ ಮತ್ತೆ ಜೋಡಿಸದೆ ಹಾಗೇ ಇಟ್ಟಿದ್ದಾನೆ.

ಉಳಿದ ಹದಿನಾರು ಮನೆಗಳ ಹೆಸರಿನ ಮುಂದೆ ತಾವು ಮೂರು ತಿಂಗಳು ದಿನವೂ "ಕಸ: ಸೊನ್ನೆ" ಎಂದು ಬರೆದಿರಿ. ಅದನ್ನು ಕಂಡು ತಪಾಸಣೆಯವರು ಬಂದರು, ಓಣಿಯುದ್ದಕ್ಕೂ ಮೂಗರಳಿಸಿ ನಡೆದರು, ಒಂದು ಬಾಳೆಹಣ್ಣಿನ ಸಿಪ್ಪೆಯೂ ಸಿಗಲಿಲ್ಲ. ಹೇಗೆ ಸಿಕ್ಕೀತು? ತಾವು ಹೋದ ಹತ್ತು ನಿಮಿಷಕ್ಕೆ ಸರಿಯಾಗಿ, ಹತ್ತೊಂಬತ್ತು ವರ್ಷಗಳಿಂದ ಬರುತ್ತಿರುವಂತೆ, ತಳ್ಳುಗಾಡಿ ಅಕ್ಕ ಸೀಟಿ ಊದುತ್ತ ಬಂದು ಎಲ್ಲವನ್ನೂ ಒಯ್ದಿರುತ್ತಿದ್ದಳು. ಆದರೆ ಅವಳ ಗಾಡಿಗೆ ಕಣ್ಣಿಲ್ಲ, ಅದು ಏನನ್ನೂ ಬರೆದುಕೊಳ್ಳುವುದಿಲ್ಲ. ಹೀಗಾಗಿ ನಮ್ಮದು ದೇಶದ ಮೊತ್ತಮೊದಲ ಕಸರಹಿತ ಓಣಿ ಎಂದು ಘೋಷಣೆಯಾಗಿದೆ, ಫಲಕ ಬರಲಿದೆ. ಕಸವೇ ಇಲ್ಲದ ಓಣಿಗೆ ಕಸದವಳೇಕೆ ಎಂದು ಅಕ್ಕನನ್ನು ಹೆಚ್ಚುವರಿ ಸಿಬ್ಬಂದಿಯ ಪಟ್ಟಿಗೆ ಸೇರಿಸಿದ್ದಾರೆ. ಈ ತಿಂಗಳು ಮುಗಿದರೆ ಅವಳ ಕೆಲಸವೂ ಮುಗಿಯುತ್ತದೆ. ಓಣಿಯನ್ನು ಅಷ್ಟು ಚೊಕ್ಕಟವಾಗಿ ಗುಡಿಸಿದ್ದೇ ಅವಳಿಗೆ ಮುಳುವಾಯಿತು.

ತಮ್ಮ ಹೊಟ್ಟೆಯಲ್ಲಿ ಎಂಥದನ್ನೂ ಹಪ್ಪಳ ಮಾಡುವ ಯಂತ್ರವಿದೆಯೆಂದು ಕೇಳಿ ಸಂತೋಷಪಟ್ಟಿದ್ದೇನೆ. ಅಕ್ಕನಿಗೆ ಆ ಸಾಮರ್ಥ್ಯವಿಲ್ಲ. ನಮ್ಮಮ್ಮ ಕಟ್ಟುಹಲ್ಲನ್ನು ಕಾಗದದಲ್ಲಿ ಸುತ್ತಿಟ್ಟು, ಮರೆತು, ಆ ಕಾಗದವನ್ನೇ ಬುಟ್ಟಿಗೆ ಎಸೆದದ್ದು ಎರಡು ಸಲ. ಎರಡು ಸಲವೂ ಅಕ್ಕ ಅದನ್ನು ಹುಡುಕಿ, ತೊಳೆದು ತಂದು, "ಅಮ್ಮಾ, ನಿಮ್ ಹಲ್ಲು ಮತ್ತೆ ನನ್ ಗಾಡಿ ಹತ್ತಿತ್ತು ನೋಡಿ" ಎಂದು ಕೊಟ್ಟಿದ್ದಾಳೆ. ಅಮ್ಮ ಈಗ ಹಲ್ಲನ್ನು ರಾತ್ರಿಯೂ ಬಾಯಿಂದ ತೆಗೆಯುತ್ತಿಲ್ಲ. ತಮ್ಮ ಮೇಲಿನ ಗೌರವಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ?

ಆದ್ದರಿಂದ ವಿನಂತಿ ಇಷ್ಟೇ. ತಾವು ದಯಮಾಡಿ ಎರಡಡಿ ಸಣ್ಣಗಾಗಬೇಕು. ಅದು ಆಗದಿದ್ದರೆ, ಒಂದು ದಿನ ಬೆಳಿಗ್ಗೆ ಚಕ್ರಗಳನ್ನು ಹೊರಗೆ ಬಿಟ್ಟು ನಡೆದುಕೊಂಡೇ ಒಳಬಂದು ನಮ್ಮ ಬುಟ್ಟಿಗಳನ್ನು ಕಣ್ಣಾರೆ ನೋಡಬೇಕು. ಅದೂ ಕಷ್ಟವಾದರೆ, ತಮ್ಮ ದಾಖಲೆಯಲ್ಲಿ ಒಂದೇ ಒಂದು ಸಾಲು ಬರೆದುಕೊಳ್ಳಬೇಕು: ಈ ಓಣಿಯಲ್ಲಿ ಕಸವಿದೆ, ಅದನ್ನು ಒಯ್ಯುವವಳೊಬ್ಬಳಿದ್ದಾಳೆ. ತಾವು ಬರೆದರೆ ಸಾಹೇಬರು ನಂಬುತ್ತಾರೆ. ನಾವು ಹದಿನೇಳು ಮನೆಯವರು ಸಹಿ ಹಾಕಿ ಕೊಟ್ಟದ್ದನ್ನು ಅವರು ನಂಬಲಿಲ್ಲ.

ಉತ್ತರದ ನಿರೀಕ್ಷೆಯಲ್ಲಿ ದಿನವೂ ಏಳು ಇಪ್ಪತ್ತಕ್ಕೆ ಬಾಗಿಲಲ್ಲಿ ನಿಲ್ಲುವ,

ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವನು

ತಾ.ಕ.: ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ತಿಂಗಳು ಮುಗಿಯಿತು, ಫಲಕವೂ ಬಂತು. ಹೊಳೆಯುವ ಫಲಕ, ಅದರ ಸುತ್ತ ಆಳೆತ್ತರದ ಥರ್ಮಾಕೋಲು, ಪ್ಲಾಸ್ಟಿಕ್ಕು, ರಟ್ಟು. ಆ ಸುತ್ತುಗಳನ್ನೆಲ್ಲ ಗೋಡೆಗೊರಗಿಸಿಟ್ಟು ಇಲಾಖೆಯವರು ಫಲಕದೊಂದಿಗೆ ಫೋಟೋ ತೆಗೆಸಿಕೊಂಡು ಹೋದರು. ಇಂದು ಬೆಳಿಗ್ಗೆ ಹೇಳಿಹೋಗಲೆಂದು ಬಂದ ಅಕ್ಕ, ಗಾಡಿಯನ್ನು ಉಗ್ರಾಣದವರು ಕಿತ್ತುಕೊಂಡಿದ್ದರಿಂದ, ಆ ರಾಶಿಯನ್ನು ಎರಡೂ ಕೈಗಳಲ್ಲಿ ತಬ್ಬಿಕೊಂಡು ತಮ್ಮ ಬಳಿಗೆ ತಂದಳು. ತಾವು ಅದೇ ಇಂಪಾದ ದನಿಯಲ್ಲಿ "ಧನ್ಯವಾದಗಳು, ಈ ಓಣಿಯಲ್ಲಿ ಕಸವಿಲ್ಲ" ಎಂದು ಹೊರಟುಬಿಟ್ಟಿರಿ. ಅವಳು ನನ್ನ ಕಡೆ ತಿರುಗಿ, "ಹಂಗಾದ್ರೆ ಹತ್ತೊಂಬತ್ತು ವರ್ಷ ನಾನು ತಳ್ಳಿದ್ದೇನಣ್ಣ?" ಎಂದು ಕೇಳಿದಳು. ತಾವು ಎಲ್ಲವನ್ನೂ ಬರೆದುಕೊಳ್ಳುವವರು. ಇದನ್ನೂ ಬರೆದುಕೊಂಡು, ನಾಳೆಯ ಮೂರು ನಿಮಿಷ ಹತ್ತು ಸೆಕೆಂಡಿನೊಳಗೆ ಅವಳಿಗೆ ಉತ್ತರ ಹೇಳಬೇಕಾಗಿ ಪ್ರಾರ್ಥನೆ. ಅಲ್ಲಿಯವರೆಗೆ ಆ ಥರ್ಮಾಕೋಲು ಬಡಗಿಯ ಮನೆಯಲ್ಲಿರುತ್ತದೆ, ಬಾಗಿಲಿದ್ದ ಜಾಗದಲ್ಲಿ.