ಹೊನವಾಡದ ಹಕ್ಕಿಗಳಿಗೆ ಡೆತ್ ಮೆಟಲ್

ಹಕ್ಕಿ ಓಡಿಸಲು ಕವಣೆ ಬೇಕು, ಪಟಾಕಿ ಬೇಕು, ತಗಡಿನ ಡಬ್ಬಿ ಬೇಕು ಎನ್ನುವವರೆಲ್ಲ ಅಲ್ಪಮತಿಗಳು! ಸಂಗೀತವೊಂದಿದ್ದರೆ ಸಾಕು! ಹೆಂಡತಿಯ ತಮ್ಮ ಸಿದ್ದರಾಮನಿಗೆ ನಾನು ಹೀಗೆಂದು ಅಭಯ ಕೊಟ್ಟೆ. ಹೊನವಾಡದಲ್ಲಿ ಅವನ ಮೂರೆಕರೆ ದ್ರಾಕ್ಷಿ ಹಣ್ಣಾಗಿ ನಿಂತಿತ್ತು. ಕಟಾವಿಗೆ ಇನ್ನೂ ಐದು ದಿನ. ಆದರೆ ಗಿಳಿ, ಗೊರವಂಕಗಳು ಅದನ್ನು ಆಗಲೇ ಶುರು ಮಾಡಿಬಿಟ್ಟಿದ್ದವು!

ಜೋರಾಪುರ ಪೇಟೆಯಲ್ಲಿ ನನ್ನದು ಚಷ್ಮಾ ಅಂಗಡಿ. ಪ್ರಾಣ ಮಾತ್ರ ಮನೆಯ ಗಾಜಿನ ಕಪಾಟಿನಲ್ಲಿದೆ: ಇನ್ನೂರ ಹದಿನಾಲ್ಕು ಸೀಡಿ! ಅಷ್ಟು ದೊಡ್ಡ ಹಿತ್ತಾಳೆಯ ಕೊಳವೆ ಇಷ್ಟು ಮೆತ್ತಗೆ ಹೇಗೆ ಮಾತಾಡುತ್ತದೆ ಎಂಬ ಕುತೂಹಲಕ್ಕೆ ಕೂಡಿಟ್ಟದ್ದು ಹಳೆಯ ಜಾಝ್ ಸ್ಯಾಕ್ಸೊಫೋನ್. ಇಷ್ಟು ಸಣ್ಣ ಗಂಟಲು ಅಷ್ಟು ಭಯಂಕರವಾಗಿ ಹೇಗೆ ಗುಡುಗುತ್ತದೆ ಎಂಬ ಕುತೂಹಲಕ್ಕೆ ಕೂಡಿಟ್ಟದ್ದು ಡೆತ್ ಮೆಟಲ್.

ಹೆಂಡತಿ ವಿಜಯಲಕ್ಷ್ಮಿಗೂ ಕುತೂಹಲ ಇಲ್ಲದಿಲ್ಲ.

"ರೀ, ಆ ಮನುಷ್ಯಾನ ಹಲ್ಲ ಕೀಳಾಕತ್ತಾರೇನ್ರಿ?"

"ಅದು ಕಲಾ!"

"ಹಂಗಾರ ಒಂದ ಗುಳಿಗಿ ಕೊಟ್ಟು ಮಲಗಸ್ರಿ ಆ ಕಲಾನ!"

ಅರಸಿಕರ ನಡುವೆ ಬಾಳುವುದೇ ಕಲಾವಿದರ ಹಣೆಬರಹ. ಅರವತ್ತು ಸೀಡಿ ಚೀಲಕ್ಕೆ ತುಂಬಿಕೊಂಡು, ಬಾಡಿಗೆಯ ಎರಡು ಸ್ಪೀಕರ್ ಹೇರಿಕೊಂಡು ಹೊನವಾಡಕ್ಕೆ ದಂಡೆತ್ತಿ ಹೋದೆ. ತಮ್ಮನ ತೋಟವನ್ನು ಕಾಯಬೇಕೆಂದು ವಿಜಯಲಕ್ಷ್ಮಿಯೂ ಬಂದಳು. ಹಕ್ಕಿಗಳಿಂದಲ್ಲ, ನನ್ನಿಂದ!

ಮೊದಲ ದಿನ ಡೆತ್ ಮೆಟಲ್. ಗುಂಡಿ ಒತ್ತಿದ್ದೇ ತಡ, ಡೋಲುಗಳು ಮದ್ದುಗುಂಡಿನಂತೆ ಸಿಡಿದವು, ಗಾಯಕ ಪಾತಾಳದಿಂದ ಗರ್ಜಿಸಿದ. ತೋಟಕ್ಕೆ ತೋಟವೇ ಆಕಾಶಕ್ಕೆ ಹಾರಿತು! ಸಿದ್ದರಾಮ ನನ್ನ ಕಾಲಿಗೆ ಬೀಳುವುದೊಂದು ಬಾಕಿ.

"ಮಾಮಾ, ನೀವು ಮನುಷ್ಯಾರಲ್ರಿ!"

"ಅದನ್ನ ನಾ ಮೊದಲಿಂದ ಹೇಳಾಕತ್ತೇನಿ" ಎಂದಳು ಅವನ ಅಕ್ಕ.

ಎರಡನೇ ದಿನ ಹಕ್ಕಿಗಳು ಮರಳಿದವು. ಒಂದು ಗೊರವಂಕವಂತೂ ಸ್ಪೀಕರಿನ ಮೇಲೆಯೇ ಕೂತು ಹಣ್ಣು ತಿಂದು ಕೊಕ್ಕು ಒರೆಸಿಕೊಂಡಿತು! ಹೀಗೇಕೆ? ಬಹಳ ಯೋಚಿಸಿದೆ. ಡೆತ್ ಮೆಟಲ್ ಮೊದಲಿನಿಂದ ಕೊನೆಯವರೆಗೆ ಒಂದೇ ಸಿಟ್ಟಿನಲ್ಲಿರುತ್ತದೆ. ಸಂಸಾರಸ್ಥರಂತೆ ಹಕ್ಕಿಗಳಿಗೂ ಅದು ರೂಢಿಯಾಗುತ್ತದೆ. ಸ್ಯಾಕ್ಸೊಫೋನಿನವನೋ ಊದಿದ್ದನ್ನೇ ಮತ್ತೆ ಊದಲಾರ. ಮುಂದೇನು ಬರುತ್ತದೆಂದು ಅವನಿಗೇ ಗೊತ್ತಿಲ್ಲದಿದ್ದರೆ ಹಕ್ಕಿಗೆ ರೂಢಿಯಾಗುವುದು ಹೇಗೆ? ಆಹಾ! ಮೂರನೇ ದಿನ ಜಾಝ್!

ಸ್ಯಾಕ್ಸೊಫೋನ್ ನಿಧಾನವಾಗಿ ನಿಟ್ಟುಸಿರಿಟ್ಟಿತು. ಬಳ್ಳಿ ಹಬ್ಬಿಸಿದ ತಂತಿಯ ಮೇಲಿನ ಗೊರವಂಕ ತಲೆ ಓರೆ ಮಾಡಿ ಕೇಳಿತು. ಆಮೇಲೆ ಉತ್ತರ ಕೊಟ್ಟಿತು! ಸ್ಯಾಕ್ಸೊಫೋನ್ ಒಂದು ಮಾತು, ಗೊರವಂಕ ಒಂದು ಮಾತು. ನಾನು ಮೈಮರೆತು ತಾಳ ಹಾಕುತ್ತ ಕೂತೆ. ಕಣ್ಣು ಬಿಟ್ಟಾಗ ತಂತಿಯ ತುಂಬ ಹಕ್ಕಿ! ಆ ಹೊತ್ತಿಗೆ ಪಕ್ಕದ ತೋಟದ ದಾವಲಸಾಬರು ಕೈಮುಗಿಯುತ್ತ ಬಂದರು.

"ಸಾವಕಾರ್ರ, ನಿಮ್ಮ ಉಪಕಾರ ಮರಿಯಾಂಗಿಲ್ರಿ! ಪೀಪಿ ಕೇಳಿ ನಮ್ಮ ತೋಟದ ಹಕ್ಕಿ ಎಲ್ಲಾ ನಿಮ್ಮ ಕಡೆ ಬಂದಾವ!"

ಸಿದ್ದರಾಮ ಕುಕ್ಕಿ ಬರಿದಾದ ಗೊನೆಯೊಂದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ. ವರ್ಷದ ದುಡಿಮೆಯಲ್ಲಿ ನಾಲ್ಕು ಸಾಲು ನನ್ನ ಕಛೇರಿಗೆ ಆಹುತಿಯಾಗಿತ್ತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಕಟಾವಿನ ತಂಡದ ಹಿರಿಯಳು ರಾಚವ್ವ ತೋಟ ನೋಡಲು ಬಂದಳು. ಹಣ್ಣು ನೋಡಿದಳು, ಹಕ್ಕಿ ನೋಡಿದಳು, ನನ್ನ ಚೀಲ ನೋಡಿದಳು. ಒಂದು ಸೀಡಿ ಎತ್ತಿ ಬಿಸಿಲಿಗೆ ಹಿಡಿದಳು. ಫಳ್ಳೆಂದು ಬೆಳಕು ಹಾರಿತು. ತಂತಿಯ ಮೇಲಿನ ಐದಾರು ಹಕ್ಕಿಗಳೂ ಹಾರಿದವು! ಅವಳು ಸೊಂಟದಿಂದ ಸುತಳಿ ತೆಗೆದಳು.

"ರಾಚವ್ವಾ, ತಡಿ ಬೇ! ಅದು ಜರ್ಮನಿಯಿಂದ ತರಿಸಿದ್ದು!"

"ಮತ್ತ ನಡುವ ತೂತ ಯಾಕ ಬಿಟ್ಟಾರ್ರಿ ಯಪ್ಪಾ? ದಾರ ಪೋಣಸಾಕಲ್ಲೇನು?"

ಸಿದ್ದರಾಮನ ಕೈಯಲ್ಲಿ ಆ ಬರಿ ಗೊನೆ ಇನ್ನೂ ಇತ್ತು. ಕಣ್ಣು ಮುಚ್ಚಿ ಚೀಲವನ್ನು ಅವನಿಗೆ ಕೊಟ್ಟುಬಿಟ್ಟೆ. ವಿಜಯಲಕ್ಷ್ಮಿ ಎಂದೂ ಇಲ್ಲದ ಉತ್ಸಾಹದಿಂದ ನನ್ನ ಸಂಗ್ರಹವನ್ನು ಒಂದೊಂದಾಗಿ ಪೋಣಿಸಿದಳು. ಸಂಜೆಯ ಹೊತ್ತಿಗೆ ಅರವತ್ತೂ ಬಳ್ಳಿಯ ತಂತಿಗೆ ನೇತಾಡುತ್ತಿದ್ದವು. ಗರ್ಜಿಸುವವರೂ ನಿಟ್ಟುಸಿರಿಡುವವರೂ ಅಕ್ಕಪಕ್ಕದಲ್ಲಿ, ಮೌನವಾಗಿ, ಫಳಫಳ ಹೊಳೆಯುತ್ತ! ಹಕ್ಕಿಯ ಸುಳಿವಿಲ್ಲ.

ಕಟಾವಿನ ಹಿಂದಿನ ದಿನ ದಾವಲಸಾಬರು ಮತ್ತೆ ಬಂದರು. ಈ ಸಲ ಮುಖ ಬಾಡಿತ್ತು.

"ಸಾವಕಾರ್ರ, ಎರಡ ದಿನದ ಮಟ್ಟಿಗೆ ನಿಮ್ಮ ಹಾಡಿನ ಸೀಡಿ ನಮಗೂ ಬೇಕಿತ್ರಿ."

ನನ್ನ ಎದೆ ಉಬ್ಬಿತು! ಇಷ್ಟು ವರ್ಷಗಳಲ್ಲಿ ನನ್ನ ಸಂಗೀತವನ್ನು ಬಾಯಿಬಿಟ್ಟು ಕೇಳಿದ ಮೊದಲ ಮನುಷ್ಯ!

"ಯಾವುದು ಕೊಡ್ಲಿ ಸಾಹೇಬ್ರ? ಮೆತ್ತಗಿನ ಸ್ಯಾಕ್ಸೊಫೋನೋ, ಸಿಟ್ಟಿನ ಮೆಟಲ್ಲೋ?"

"ಯಾವುದಾದ್ರೂ ನಡೀತದ್ರಿ" ಎಂದರು ದಾವಲಸಾಬರು, "ಹೊಳದ್ರ ಸಾಕು!"