ನಮ್ಮತ್ತೆಯ ಫ್ಯಾಮಿಲಿ ರೂಮು

ನಮ್ಮ ಸೋದರತ್ತೆಗೆ ಮದುವೆಯಾಗಿರಲಿಲ್ಲ. ಗಂಡಂದಿರು ಮಾತ್ರ ಮೂವರಿದ್ದರು! ಒಬ್ಬ ದಾಸರಹಳ್ಳಿಯಲ್ಲಿ, ಇನ್ನೊಬ್ಬ ವೈಟ್‌ಫೀಲ್ಡಿನಲ್ಲಿ, ಮತ್ತೊಬ್ಬ ಹೂಡಿಯಲ್ಲಿ. ಗಾಬರಿಯಾಗಬೇಡಿ. ಈ ಮೂವರಲ್ಲಿ ಒಬ್ಬನನ್ನೂ ಯಾರೂ ಕಣ್ಣಾರೆ ಕಂಡಿರಲಿಲ್ಲ, ಸ್ವತಃ ಅತ್ತೆ ಕೂಡ!

ಅತ್ತೆ ಹೊಲಿಗೆ ಯಂತ್ರ ಮಾರುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಯಂತ್ರ ಕೊಂಡವರ ಹತ್ತಿರ ಹೋಗಿ ಅದನ್ನು ಓಡಿಸುವುದು ಹೇಗೆಂದು ಕಲಿಸಿಕೊಡಬೇಕು. ಎಂಬತ್ತರ ದಶಕದ ಆರಂಭವದು. ಪೀಣ್ಯದಲ್ಲಿ ಶೆಡ್ಡಿನ ಪಕ್ಕ ಶೆಡ್ಡು ಏಳುತ್ತಿತ್ತು. ವೈಟ್‌ಫೀಲ್ಡಿನ ಬಸ್ಸು ತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ಸ್ವೆಟರಿನ ಒಂದು ತೋಳು ಹೆಣೆದು ಮುಗಿಸಬಹುದಿತ್ತು. ಹೀಗೆ ಊರ ಹೊರಗೆಲ್ಲ ಸುತ್ತುವ ಅತ್ತೆಗೆ ಹನ್ನೆರಡೂವರೆಯಾಯಿತೆಂದರೆ ಒಂದೇ ಚಿಂತೆ. ಊಟಕ್ಕೆ ಎಲ್ಲಿ ಕೂರುವುದು?

ಇದೂ ಒಂದು ಚಿಂತೆಯೇ ಎನ್ನಬೇಡಿ. ಆಗಿನ ಹೋಟೆಲುಗಳ ದೊಡ್ಡ ಹಾಲ್ ಗಂಡಸರದು. ಹೆಂಗಸೊಬ್ಬಳು ಹೋಗಿ ಅಲ್ಲಿ ಕೂತರೆ ಸಾರು ಸುರಿಯುವ ಸದ್ದೆಲ್ಲ ಒಮ್ಮೆಲೇ ನಿಂತುಹೋಗುತ್ತಿತ್ತು. ಮೂಲೆಯಲ್ಲಿ ಪರದೆ ಇಳಿಬಿಟ್ಟ ಫ್ಯಾಮಿಲಿ ರೂಂ ಇರುತ್ತಿತ್ತು, ನಿಜ. ಆದರೆ ಅದರೊಳಗೆ ಹೋಗಲು ಫ್ಯಾಮಿಲಿ ಬೇಕಲ್ಲ! ಫ್ಯಾಮಿಲಿ ಎಂದರೆ ಗಂಡ. ಆದ್ದರಿಂದ ಅತ್ತೆ ಹೋದಲ್ಲೆಲ್ಲ ಒಬ್ಬೊಬ್ಬ ಗಂಡನನ್ನು ಹುಟ್ಟಿಸಿಕೊಂಡಳು. ಎದುರು ಕುರ್ಚಿಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಗಂಡಸರ ಕರ್ಚೀಫು. "ನಮ್ಮನೆಯವರು ಬರ್ತಾ ಇದಾರೆ. ಅಷ್ಟರಲ್ಲಿ ನಂಗೊಂದು ಊಟ ಹಾಕ್ಬಿಡಿ." ಮುಗಿಯಿತು!

"ಇಷ್ಟೆಲ್ಲ ನಾಟಕ ಯಾಕೆ? ಡಬ್ಬಿ ತಗೊಂಡು ಹೋಗಬಾರದೇ?" ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಮನೆಮಂದಿಗೆಲ್ಲ ಎಂಟು ಡಬ್ಬಿ ಕಟ್ಟುವವಳು ಒಂಬತ್ತನೆಯದನ್ನು ಯಾಕೆ ಕಟ್ಟಿಕೊಳ್ಳುವುದಿಲ್ಲ? "ಅವಳಿಗೆ ಹೋಟೆಲ್ ಚಟ" ಎಂದು ನಮ್ಮಪ್ಪ ತೀರ್ಪು ಕೊಟ್ಟಾಗಿತ್ತು. ಅತ್ತೆ ನಕ್ಕು ಬಸ್ಸಿಗೆ ಓಡುತ್ತಿದ್ದಳು.

ವೈಟ್‌ಫೀಲ್ಡಿನ ಗಂಡ ಸದಾ ರೈಲಿನಲ್ಲಿ ಬರುತ್ತಿದ್ದ. ಒಂದು ದಿನ ಊಟ ಬಡಿಸುವವನು ಅನುಮಾನದಿಂದ ಹೇಳಿದನಂತೆ, "ಮೇಡಂ, ಲೈನ್ ರಿಪೇರಿ. ಇವತ್ತು ರೈಲೇ ಇಲ್ಲ."

"ನೋಡಿದ್ರಾ, ಅದಕ್ಕೇ ಲೇಟು! ಹಪ್ಪಳ ತನ್ನಿ" ಎಂದಳಂತೆ ಅತ್ತೆ.

ಹೂಡಿಯಲ್ಲಿ ಫ್ಯಾಮಿಲಿ ರೂಮೆಂದರೆ ಒಲೆಯ ಪಕ್ಕ ಕಟ್ಟಿದ ಒಂದು ಹಳೆಯ ಸೀರೆ, ಅಷ್ಟೇ. ಅಲ್ಲಿನ ಗಂಡ ಜಮೀನು ನೋಡಲು ಹೋಗಿರುತ್ತಿದ್ದ. ಹೋಟೆಲಿನ ಗೌಡರು ಒಂದು ವರ್ಷ ಕಾದರು, ಎರಡು ವರ್ಷ ಕಾದರು. ಕೊನೆಗೆ ತಡೆಯಲಾರದೆ, "ಅಲ್ಲ ಕಣವ್ವ, ನಿಮ್ ಯಜಮಾನ್ರು ಇಂಗೇ ನೋಡ್ತಾ ಇದ್ರೆ ಎಂಗೆ? ನಮ್ದೇ ಎರಡೆಕ್ರೆ ಐತೆ, ಕರ್ಕೊಂಬನ್ನಿ" ಎಂದರು. ಅತ್ತೆ ಅನ್ನ ಕಲಸುತ್ತಲೇ, "ಅವರಿಗೆ ಈ ಕಡೆ ಮಣ್ಣು ಒಗ್ಗಲ್ವಂತೆ" ಎಂದು ಆ ಎರಡೆಕರೆಯನ್ನು ತಳ್ಳಿಹಾಕಿದಳು. ಇವತ್ತು ಹೂಡಿಯ ಕಡೆ ಹೋಗಿ ಜಮೀನಿನ ಬೆಲೆ ಕೇಳಿದಾಗಲೆಲ್ಲ ನಾನು ಆ ಇಲ್ಲದ ಗಂಡನಿಗೆ ಹಿಡಿಶಾಪ ಹಾಕುತ್ತೇನೆ!

ನನಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿದ ಮೇಲೆ ಅತ್ತೆ ನನಗೂ ಈ ವಿದ್ಯೆ ಧಾರೆಯೆರೆಯಲು ನಿಂತಳು. "ಹೋಟೆಲ್ ಆರಿಸೋದು ಕಲೀಬೇಕು ಕಣೇ. ಎರಡನೇ ಸಲ ಸಾರು ಕೇಳಿದ್ರೆ ಮುಖ ಸಿಂಡರಿಸಬಾರದು. ಫ್ಯಾನ್ ಇರಬೇಕು. ರೇಟು ನಮ್ಮ ಕೈಗೆ ಎಟುಕಬೇಕು. ಬೇಗ ಏಳಿ ಅಂತ ತಲೆ ಮೇಲೆ ನಿಲ್ಲಬಾರದು." ಈ ಪರೀಕ್ಷೆಯಲ್ಲೆಲ್ಲ ಪಾಸಾದದ್ದು ದಾಸರಹಳ್ಳಿಯ ಹೋಟೆಲು. ಅಲ್ಲಿನ ಗಂಡ ಎಂಟು ವರ್ಷದಿಂದ ಸ್ಕೂಟರ್ ನಿಲ್ಲಿಸುತ್ತಲೇ ಇದ್ದ!

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ನರೆತ ಮೀಸೆಯ ಸಪ್ಲೈಯರ್ ಏನೂ ಕೇಳದೆ ಮೂರು ಲೋಟ ನೀರು ತಂದಿಟ್ಟ. ನಮಗೆ ಎರಡು, ಸ್ಕೂಟರಿನವರಿಗೆ ಒಂದು. ಅತ್ತೆ ಬೆನ್ನು ನೆಟ್ಟಗೆ ಮಾಡಿ ರಾಣಿಯ ಗತ್ತಿನಲ್ಲಿ ಕೇಳಿದಳು, "ಸಾರು ಬಿಸಿ ಇದೆಯಾ?"

"ಹೊಗೆ ಆಡ್ತಾ ಇದೆ ಅಕ್ಕ."

ಎರಡು ತುತ್ತು ಉಂಡಿರಲಿಲ್ಲ, ಪರದೆ ಸರ್ರೆಂದು ಸರಿಯಿತು. ಹೋಟೆಲಿಗೆ ಹೊಸದಾಗಿ ಬಂದಿದ್ದ ಮಾಲೀಕ. ಅವನ ಹಿಂದೆ ಗಂಡ, ಹೆಂಡತಿ, ಅಜ್ಜಿ, ಮಕ್ಕಳು ಎಲ್ಲ ಸೇರಿದ ನಿಜವಾದ ಫ್ಯಾಮಿಲಿ!

"ಎಲ್ಲಮ್ಮ ನಿಮ್ಮ ಯಜಮಾನ್ರು?"

"ಎದುರಿಗೆ ನಮ್ಮಣ್ಣನ ಮಗಳು..." ಎಂದಳು ಅತ್ತೆ.

"ಇಬ್ಬರು ಹೆಂಗಸರು ಸೇರಿದ್ರೆ ಫ್ಯಾಮಿಲಿ ಆಗುತ್ತೇನ್ರೀ? ಎದ್ದೇಳಿ. ಯಜಮಾನ್ರು ಬಂದ ಮೇಲೆ ಬನ್ನಿ."

ನಾನು ಅತ್ತೆಯ ಮುಖ ನೋಡಿದೆ. ರೈಲನ್ನೂ ಎರಡೆಕರೆಯನ್ನೂ ಗೆದ್ದವಳು ಇವನನ್ನು ಬಿಟ್ಟಾಳೇ? ಆದರೆ ಅವಳ ಅನ್ನ ಹಿಡಿದ ಕೈ ಎಲೆಯ ಮೇಲೆ ಹಾಗೇ ನಿಂತುಬಿಟ್ಟಿತ್ತು. ಏಳಲೆಂದು ಬ್ಯಾಗಿನತ್ತ ಎಡಗೈ ಚಾಚಿದಳು.

ಆಗ ಸಪ್ಲೈಯರ್ ಪಲ್ಯದ ಬಕೆಟ್ ಹಿಡಿದು ಮಾಲೀಕನ ಪಕ್ಕದಿಂದ ನುಗ್ಗಿ ಒಳಗೆ ಬಂದ.

"ಅವರ ಯಜಮಾನ್ರು ಕೈ ತೊಳೀತಾ ಇದಾರೆ ಸಾರ್. ಈಗಷ್ಟೇ ನೋಡ್ದೆ."

ಮಾಲೀಕ ಗೊಣಗುತ್ತ ಹೋದ. ಸಪ್ಲೈಯರ್ ಪರದೆ ಎಳೆದು ಅತ್ತೆಯ ಎಲೆಗೆ ಪಲ್ಯ ಹಾಕಿದ. "ಊಟ ಮಾಡಿ ಅಕ್ಕ, ಆರಿಹೋಗುತ್ತೆ" ಎಂದ. ಎಂಟು ವರ್ಷದಿಂದ ಅವನಿಗೆ ಎಲ್ಲ ಗೊತ್ತಿತ್ತು! ಗೊತ್ತಿದ್ದೂ ಅತ್ತೆ ಹೋದಾಗಲೆಲ್ಲ ಒಂದು ಲೋಟ ನೀರು ಹೆಚ್ಚಿಗೆ ಇಡುತ್ತಿದ್ದ.

ಅತ್ತೆಯ ಕಣ್ಣಿನಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು ಮೆಲ್ಲಗೆ ಹೇಳಿದಳು, "ಹೋಟೆಲ್ ಚಟ ಅಲ್ಲ ಕಣೇ. ಡಬ್ಬಿ ಕಟ್ಟಿಕೊಂಡ್ರೆ ಅದೂ ನಾನೇ ಬಡಿಸಿಕೊಳ್ಳೋ ಊಟ. ದಿನಕ್ಕೆ ಒಂದ್ಸಲ ನಾನು ಕೂತಿರಬೇಕು, ಯಾರಾದ್ರೂ ಬಡಿಸಬೇಕು ಅನ್ನಿಸುತ್ತೆ. ಅಷ್ಟೇ."

ನಮ್ಮ ಮನೆಯಲ್ಲಿ ಅತ್ತೆ ಕೂತು ಉಂಡದ್ದನ್ನು ನೆನಪಿಸಿಕೊಳ್ಳಲು ನೋಡಿದೆ. ಒಂದೂ ನೆನಪಾಗಲಿಲ್ಲ. ನಮಗೆಲ್ಲ ಬಡಿಸಿ, "ನಂದಾಮೇಲೆ" ಎನ್ನುತ್ತಿದ್ದಳು. ಆಮೇಲೆ ಒಲೆಯ ಪಕ್ಕ ನಿಂತು ಪಾತ್ರೆಯ ತಳದಲ್ಲಿದ್ದದ್ದನ್ನೇ ಕಲಸಿಕೊಳ್ಳುತ್ತಿದ್ದಳು. ಅಣ್ಣನ ಮನೆಯಲ್ಲಿ ಇಪ್ಪತ್ತು ವರ್ಷ ಅವಳು ಹಾಗೇ ಉಂಡಿದ್ದಳು. ನಾವು ಎಂಟೂ ಜನ ಅದನ್ನು ನೋಡಿಯೂ ನೋಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ನಡುಮನೆಯಲ್ಲಿ, ಫ್ಯಾನಿನ ಕೆಳಗೆ, ಒಂದು ಎಲೆ ಹಾಕಿದೆ. ಅತ್ತೆಯನ್ನು ಕೈ ಹಿಡಿದು ಎಳೆದುಕೊಂಡು ಬಂದೆ.

"ಏನೇ ಇದು ನಾಟಕ?"

"ಕೂತ್ಕೊಳ್ಳಿ ಮೇಡಂ. ಫ್ಯಾಮಿಲಿ ರೂಮು."

ಗೊಣಗುತ್ತಲೇ ಕೂತಳು. ಅನ್ನ ಬಡಿಸಿ, ಅವಳು ಬ್ಯಾಗು ಇಡುತ್ತಿದ್ದ ಎದುರು ಜಾಗದಲ್ಲಿ ನಾನು ಕೂತೆ. ಅಪ್ಪ ಪೇಪರು ಇಳಿಸಿ ನೋಡಿದ. ಅಮ್ಮ ಒಳಗಿನಿಂದ ತುಪ್ಪದ ಗಿಂಡಿ ತಂದಿಟ್ಟಳು. ಅತ್ತೆ ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ನಾನು ದಾಸರಹಳ್ಳಿಯಲ್ಲಿ ಮಾತ್ರ ಕೇಳಿದ್ದ ದನಿಯಲ್ಲಿ ಕೇಳಿದಳು, "ಸಾರು ಬಿಸಿ ಇದೆಯಾ?"

ಇರಲಿಲ್ಲ. ನಾನು ಬಿಸಿ ಮಾಡಲು ಅಡುಗೆಮನೆಗೆ ಓಡಿದೆ.